ಹದಿನೇಳನೆಯ ಸೀಸೆ

ಅಪ್ಪನ ಅಂಗಿಯನ್ನು ಬರಿಗೈಯಲ್ಲಿ ಮಡಚುತ್ತಿದ್ದ ತಂಗಿ ಸ್ವರೂಪಾಳಿಂದ ಮೃಣಾಲಿನಿ ಅದನ್ನು ಕಸಿದುಕೊಂಡಳು.

"ಮುಟ್ಟಬ್ಯಾಡ. ಔಷಧ ಇನ್ನಾ ಅದರಾಗದ."

"ಅಪ್ಪನ ಜೋಡಿ ಕುಣಿಯಾಗ ಇಡಬೇಕಲ್ಲಕ್ಕಾ," ಎಂದಳು ಸ್ವರೂಪಾ.

ಹತ್ತಿಗೆ ಹುಳದ ಔಷಧ ಹೊಡೆಯುತ್ತಲೇ ಅಪ್ಪ ತುಳಸಿರಾಮ ಹೊಲದಲ್ಲಿ ಬಿದ್ದಿದ್ದ. ನಾರಾಯಣಖೇಡದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ತೆಲಂಗಾಣದ ಮುಷ್ಕರಕ್ಕೆ ಬಸ್ಸು ನಿಂತು ಹದಿನೈದು ದಿನ. ಹೈದರಾಬಾದಿನಿಂದ ಯಾರ ಯಾರದೋ ಜೀಪು ಹಿಡಿದು ನಾಗಲಗಿದ್ದದ ಪಕ್ಕದ ಈ ಊರಿಗೆ ಬಂದ ಮೃಣಾಲಿನಿಗೆ ಅಳು ಇನ್ನೂ ಬಂದಿರಲಿಲ್ಲ. ಅವಳು ಓದಿದ್ದೇ ವಿಷದ ವಿದ್ಯೆ. "ನನ್ನ ಮಗಳು ವಿಷಕ್ಕೇ ಡಾಕ್ಟರು" ಎಂದು ಅಪ್ಪ ಕಂಡಕಂಡವರ ಮುಂದೆ ಎದೆ ಉಬ್ಬಿಸುತ್ತಿದ್ದ.

"ನಮ್ಮದೂ ನಿಮ್ಮದೂ ಎರಡೂ ಹೊಲಕ್ಕ ನೀವೇ ಔಷಧ ಹೊಡೀತಿದ್ರಿ, ಕಾಕಾ. ಎಂದೂ ಪಂಪು ಮುಟ್ಟದ ಅಪ್ಪ ಈ ಸಲ ಯಾಕ ಹೊತ್ತ?" ಎಂದು ಮೃಣಾಲಿನಿ ಕೇಳಿದಳು.

ಪಕ್ಕದ ಹೊಲದ ಪೋಚಪ್ಪ ತಲೆ ಎತ್ತಲಿಲ್ಲ. "ನೀನೇ ಫೋನಿನಾಗ ಬ್ಯಾಡಂದಿ, ಅವ್ವಾ. ತುಳಸಿರಾಮಗ ಹೇಳಿದೆ. ಮಗಳು ಹೇಳಿದಮ್ಯಾಗ ಕೇಳಬೇಕು, ಪಂಪು ನನಗ ಕೊಡು ಅಂದ."

*

ಒಂದೇ ಔಷಧ, ಒಂದೇ ಹೊಲ. ಒಬ್ಬ ಹೊಡೆದು ಬಂದು ರೊಟ್ಟಿ ತಿಂದು ಮಲಗುತ್ತಾನೆ, ಇನ್ನೊಬ್ಬ ನೆಲಕ್ಕೆ ಬೀಳುತ್ತಾನೆ. ಯಾಕೆ? ಮೃಣಾಲಿನಿಯ ಸಂಶೋಧನೆಯೆಲ್ಲ ಇದೇ. ಬೇಸಿಗೆಯಲ್ಲಿ ಊರ ಶಾಲೆಯಲ್ಲಿ ಔಷಧ ಹೊಡೆಯುವವರ ರಕ್ತ ತೆಗೆಸಿದ್ದಳು. ಅಂದು ಅವಳು ತಾಂಡೂರಿನಲ್ಲಿದ್ದಳು. ಸೂಜಿ ಹಿಡಿದವನು ಪರವೂರಿನವ, ಊರವರ ಗುರುತಿಲ್ಲದವ. ಹದಿನೇಳನೆಯ ಸೀಸೆಯ ರಕ್ತದಲ್ಲಿ ವಿಷವನ್ನು ಮುರಿಯುವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಚೀಟಿಯಲ್ಲಿ ಪೋಚಪ್ಪನ ಹೆಸರು. ಮುದುಕ ಹೆದರಿಯಾನೆಂದು ಕಾರಣ ಹೇಳದೆ, "ಈ ವರ್ಷ ಔಷಧ ಹೊಡೀಬ್ಯಾಡ್ರಿ" ಎಂದಷ್ಟೇ ಫೋನು ಮಾಡಿದ್ದಳು. ಒಂದು ಜೀವ ಉಳಿಸಿದೆನೆಂಬ ಖುಷಿಗೆ ಅಂದು ಎರಡು ಸಲ ಚಹಾ ತರಿಸಿ ಕುಡಿದಿದ್ದಳು.

*

ಕುಣಿಯ ಬಳಿ ಬಿಳಿ ಸೀರೆಯ ಹೆಂಗಸರು ಬುದ್ಧನ ತ್ರಿಶರಣ ಹೇಳಿ ಮುಗಿಸಿದರು. ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು.

"ನಿಮ್ಮ ರಕ್ತ ಕಮಜೋರ ಅದ, ವಿಷ ತಾಳಂಗಿಲ್ಲ, ಕಾಕಾ," ಎಂದಳು ಮೃಣಾಲಿನಿ. "ಅದಕ್ಕೇ ಬ್ಯಾಡಂದಿದ್ದೆ."

ಪೋಚಪ್ಪನ ಕೈಯ ಮಣ್ಣು ಜಾರಿತು. "ನನ್ನ ರಕ್ತ ನೀ ಎಲ್ಲಿ ನೋಡಿದಿ? ಸೂಜಿ ಅಂದ್ರ ನನ್ನ ಜೀವ ಹೋಗ್ತದ. ಮಗಳ ಕೆಲಸಕ್ಕ ಒಬ್ಬರು ಕಮ್ಮಿ ಆಗಬಾರದಂತ ನನ್ನ ಹೆಸರು ಹೇಳಿ ನಿಮ್ಮಪ್ಪನೇ ಕೈ ಚಾಚಿದ."

ಹದಿನೇಳನೆಯ ಸೀಸೆಯಲ್ಲಿದ್ದದ್ದು ಅಪ್ಪನ ರಕ್ತ. ಅಪ್ಪನ ಬೆನ್ನಿಗೆ ಪಂಪು ಏರಿಸಿದ್ದು ಅವಳ ಮಾತೇ.

ಅವಳ ಮುಖ ನೋಡನೋಡುತ್ತ ಪೋಚಪ್ಪನಿಗೂ ಅರ್ಥವಾಯಿತು. ಕುಣಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಸೂಜಿಗೆಂದು ತೋಳನ್ನು ಅವಳತ್ತ ಚಾಚಿದ.