ಕುತ್ತಿಗೆಯಿಂದ ಹೆಣೆದ ದೋಣಿ

ಎಲ್ಲಿಂದ ಶುರು ಮಾಡಬೇಕು? ಸ್ವೆಟರಿನ ಮಟ್ಟಿಗೆ ಇದಕ್ಕೆ ಎರಡೇ ಉತ್ತರ: ಕೆಳಗಿನ ಅಂಚಿನಿಂದ, ಇಲ್ಲವೇ ಕುತ್ತಿಗೆಯಿಂದ. ಕತೆಗೆ ಅಷ್ಟು ಅನುಕೂಲವಿಲ್ಲ. ನನ್ನ ಗಂಡ ನಿತೇಶ ಸತ್ತಲ್ಲಿಂದ ಶುರು ಮಾಡಿದರೆ ನೀವು ಕರುಣೆಯಿಂದ ಓದುತ್ತೀರಿ. ನನಗೆ ಕರುಣೆ ಸಾಕಾಗಿದೆ. ಉಲ್ಲನ್ನಿನಿಂದ ಶುರು ಮಾಡುತ್ತೇನೆ.

೧

(ಕೈಬಿಟ್ಟ ಆರಂಭ.) ಕೇಣಿಯ ಕಡಲ ಮೇಲೆ ಸಂಜೆ ಇಳಿಯುತ್ತಿತ್ತು.

ಇಳಿಯಲಿ. ದಿನಾ ಇಳಿಯುತ್ತದೆ.

೨

ನನ್ನ ಮಗಳು ಚಂದನಾ ಒಂದನೇ ಕ್ಲಾಸು. ಶಾಲೆಗೆ ಹಾಕಿಕೊಂಡು ಹೋಗಲು ಸ್ವೆಟರ್ ಬೇಕು, ಅದರ ಮೇಲೆ ಪಪ್ಪನ ದೋಣಿ ಇರಬೇಕು ಎಂದಳು. ನಮ್ಮ ಅಂಕೋಲೆಯ ಚಳಿ ಬಿಸಿಲು ಅಂಗಳಕ್ಕೆ ಬರುವವರೆಗೆ ಮಾತ್ರ. ಆದರೂ ಒಪ್ಪಿದೆ. ಬೇಡ ಎನ್ನಲು ಬೇಕಾಗುವ ಶಕ್ತಿಗಿಂತ ಹೆಣೆಯಲು ಬೇಕಾಗುವ ಶಕ್ತಿ ಕಡಿಮೆ.

ಉಲ್ಲನ್ ತಂದವನು ಮೈದುನ ಬಾಬು. ಬೈತಖೋಲ ಬಂದರಿನಲ್ಲಿ ಮೀನು ಹರಾಜು ಮುಗಿಸಿ, ಕಾರವಾರ ಪೇಟೆಗೆ ಹೋಗಿ ಆರಿಸಿದ್ದ. ಮೈಗೆ ಹಳದಿ, ದೋಣಿಗೆ ಹಸಿರು, ಬಾವುಟಕ್ಕೆ ಕೆಂಪು.

"ವೈನಿ, ಅಂಗಡಿಯವ ಕೇಳ್ದ, ಕಾಶ್ಮೀರಕ್ಕೆ ಹೊರಟ್ರಾ ಅಂತ."

"ನೀ ಎಂತ ಹೇಳ್ದೆ?"

"ಇಲ್ಲೇ ಮಂಜಗುಣಿಗೆ, ಅಲ್ಲಿ ಭಾರಿ ಥಂಡಿ ಅಂದೆ."

ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಅವನ ಅಣ್ಣನ ದೋಣಿ ಮಗುಚಿದ್ದು ಮಂಜಗುಣಿಯ ಅಳಿವೆಯಲ್ಲಿ. ಈ ಮನೆಯಲ್ಲಿ ಆ ಹೆಸರು ಎತ್ತುವುದಿಲ್ಲ. ಪಪ್ಪ ಜ್ವರ ಬಂದು ಹೋದ, ದೋಣಿ ಬೈತಖೋಲದಲ್ಲಿ ರಿಪೇರಿಗೆ ನಿಂತಿದೆ ಎಂದು ಚಂದನಾ ನಂಬಿದ್ದಾಳೆ. ಹಾಗೆ ನಂಬಿಸಿದ್ದು ನನ್ನ ಅತ್ತೆ ವೈಜಯಂತಿ. ನಾನು ಸುಮ್ಮನಿದ್ದೆ.

(ಈ ಪ್ಯಾರಾ ಇಷ್ಟು ಬೇಗ ಬರಬಾರದಿತ್ತು. ರಹಸ್ಯವನ್ನು ತಡವಾಗಿ ಬಿಚ್ಚಬೇಕು ಎಂದು ಎಂ.ಎ. ಕ್ಲಾಸಿನಲ್ಲಿ ಕಲಿಸಿದ್ದರು. ನನಗೆ ಅಲ್ಲಿಯವರೆಗೆ ಎಳೆಯುವ ತ್ರಾಣವಿಲ್ಲ.)

೩

ಧಾರವಾಡದ ಹಾಸ್ಟೆಲಿನಲ್ಲಿ ನಾನು ಕಲಿತದ್ದು ಅಂಚಿನಿಂದ ಮೇಲಕ್ಕೆ ಹೆಣೆಯುವುದನ್ನು. ಈ ಸಲ ಯೂಟ್ಯೂಬ್ ನೋಡಿ ಕುತ್ತಿಗೆಯಿಂದ ಕೆಳಕ್ಕೆ ಹೆಣೆದೆ. ಹುಡುಗಿ ಎತ್ತರವಾದ ಹಾಗೆ ಕೆಳಗೆ ಸೇರಿಸುತ್ತಾ ಹೋಗಬಹುದು. ದೋಣಿಯನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು ಹಳೆಯ ರೂಢಿಯಂತೆ ಅಡಿಯ ಸಾಲಿನಿಂದ ಎಣಿಸಿ ಹೆಣೆದೆ. ಸೂಜಿಯಿಂದ ಜೋತು ಬಿದ್ದ ಬಟ್ಟೆಯಲ್ಲಿ ಅದು ನೆಟ್ಟಗೇ ಕಾಣುತ್ತಿತ್ತು. ಬಟ್ಟೆಯೇ ಕುತ್ತಿಗೆ ಕೆಳಗಾಗಿ ಜೋತಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಈಚೆಗೆ ನನಗೆ ಹೊಳೆಯುವುದು ಕಡಿಮೆ.

೪

ಅಳತೆ ನೋಡಲು, ಬಳುಕುವ ವಾಯರಿನ ಹೆಣಿಗೆಸೂಜಿ ಸಮೇತ ಚಂದನಾಳಿಗೆ ತೊಡಿಸಿ ಅತ್ತೆಯ ಎದುರು ನಿಲ್ಲಿಸಿದೆ. ಅತ್ತೆ ಸೀಗಡಿ ಸುಲಿಯುತ್ತಿದ್ದಳು. ತಲೆ ಎತ್ತಿದವಳು ಕೈ ಒರೆಸಿಕೊಳ್ಳದೆ ನನ್ನನ್ನು ಅಡುಗೆಮನೆಗೆ ಎಳೆದಳು.

"ಎಂತ ಮಾಡಿಟ್ಟಿದ್ದೆ ನೀನು? ಬಾವುಟ ಕೆಳಗೆ, ಅಡಿ ಮೇಲೆ."

ಬಾಗಿಲಿನಿಂದ ಇಣುಕಿದೆ. ಹೌದು. ಹಳದಿ ನೀರಿನಲ್ಲಿ ಹಸಿರು ದೋಣಿ ಬೋರಲು ಬಿದ್ದಿತ್ತು.

"ಶಾಲೆಯಲ್ಲಿ ಇರೂದೆಲ್ಲ ದೋಣಿಯವರ ಮಕ್ಕಳು. ಒಂದು ಪೋರ ನೋಡಿದ್ರೆ ಸಾಕು, ಸಂಜೆಯೊಳಗೆ ಇವಳಿಗೆ ಎಲ್ಲಾ ಗೊತ್ತಾಗ್ತದೆ. ಬಿಚ್ಚು."

ಮೊದಲ ಕರಡಿನಲ್ಲಿ ಇಲ್ಲಿ ಅವಳು ಎದೆ ಬಡಿದುಕೊಂಡು ಅಳುತ್ತಾಳೆ. ಅವಳು ಪುಟದಿಂದ ಮುಖ ಎತ್ತಿ ಹೇಳಿದಳು: "ನಿನ್ನ ಕತೆಗೆ ನನ್ನ ಅಳಿಸ್ಬೇಡ. ಬೇಕಾದ್ರೆ ನೀನೇ ಅಳು. ನೀ ಅತ್ತದ್ದು ಯಾರೂ ನೋಡ್ಲಿಲ್ಲ."

ಹೊಡೆದು ಹಾಕಿದೆ. ಅವಳ ಅಳುವನ್ನು. ಕೊನೆಯ ವಾಕ್ಯ ಉಳಿಸಿದ್ದೇನೆ.

೫

ಅಂತ್ಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಬಿಚ್ಚುತ್ತೇನೆ. ಆದರೆ ಏಕೆ ಬಿಚ್ಚಿದೆ ಎಂದು ಚಂದನಾ ಕೇಳುತ್ತಾಳೆ, ಇನ್ನೊಂದು ಜ್ವರವನ್ನು ಹುಟ್ಟಿಸಬೇಕಾಗುತ್ತದೆ.

ಅಥವಾ ಮೇಲೆ ಕಸೂತಿ ಹಾಕಿ ದೋಣಿಯನ್ನು ಗುಡ್ಡ ಮಾಡುತ್ತೇನೆ. ("ತೆಂಗಿನಕಾಯಿ ಮಾಡು ವೈನಿ, ಜುಟ್ಟು ಕೆಳಗೆ," ಎಂದ ಬಾಬು. ಅತ್ತೆ ಸೀಗಡಿ ಸಿಪ್ಪೆ ಎಸೆದಳು.)

ಅಥವಾ ಹೇಳಿಬಿಡುತ್ತೇನೆ. ಈ ಅಂತ್ಯದ ಮೊದಲ ಪದ ಬರೆಯಲು ಕೂತವಳು ಅನ್ನಕ್ಕೆ ಇಡಲು ಎದ್ದೆ.

೬

ಮೂರಕ್ಕೂ ಚಂದನಾ ಒಪ್ಪಲಿಲ್ಲ. ಸ್ವೆಟರ್ ತೆಗೆಯಲು ಬಿಡದೆ ಎರಡೂ ಕೈ ಕಟ್ಟಿ ನಿಂತಳು.

"ಎಂತಕ್ಕೆ ಬಿಚ್ಚೂದು?"

"ದೋಣಿ ಉಲ್ಟಾ ಆಗಿದೆ, ಮಗಾ."

ಅವಳು ಕೈ ಬಿಡಿಸಿ, ಗಲ್ಲವನ್ನು ಕುತ್ತಿಗೆಗೆ ಒತ್ತಿ ನೋಡಿಕೊಂಡಳು. "ಎಲ್ಲಿ? ಸರೀ ಅದ್ಯಲ್ಲ. ಬಾವುಟ ಮೇಲೇ ಅದೆ. ನಿಂಗೆ ನೋಡೂಕೇ ಬರೂದಿಲ್ಲ."

ಅವಳ ಹಿಂದೆ ಹೋಗಿ, ಭುಜದ ಮೇಲಿಂದ ಬಾಗಿದೆ. ದೋಣಿ ನೆಟ್ಟಗಿತ್ತು. ಹೆಣೆಯುವಾಗ ನನಗೆ ಕಂಡಂತೆಯೇ. ತೊಟ್ಟವಳಿಗೆ ತೇಲುತ್ತಿತ್ತು; ಎದುರು ನಿಂತವರಿಗಷ್ಟೇ ಮಗುಚಿತ್ತು.

ಅತ್ತೆಯನ್ನು ಕರೆದೆ. ಅವಳೂ ಬಂದು, ಸೀಗಡಿ ಕೈಯನ್ನು ಬೆನ್ನ ಹಿಂದೆ ಹಿಡಿದು ಬಾಗಿದಳು. ತುಂಬ ಹೊತ್ತು ನೋಡಿದಳು.

"ಹೌದು ಮಾರಾಯ್ತಿ," ಎಂದಳು.

ಇಲ್ಲಿ ನಿಲ್ಲಿಸಬಹುದು. ಮೂವರೂ ಒಂದೇ ಕಡೆಯಿಂದ ನೋಡುತ್ತಿದ್ದೇವೆ, ಸಂಪಾದಕರು ಒಪ್ಪುತ್ತಾರೆ, ನಿಮಗೂ ಒಂದು ನಿಟ್ಟುಸಿರು ಸಿಗುತ್ತದೆ. ನಾನು ನಿಲ್ಲಿಸಿಯೂ ಇದ್ದೆ. ಆದರೆ ಚಂದನಾ, "ತಡಿ, ಕನ್ನಡಿಯಲ್ಲಿ ನೋಡ್ಕಂಡು ಬರ್ತೆ," ಎಂದು ಒಳಕೋಣೆಯ ಕಪಾಟಿನ ಕಡೆ ಹೊರಟಳು.

ಕನ್ನಡಿಯೂ ಎದುರು ನಿಲ್ಲುವವರ ಪೈಕಿಯೇ.

ಅವಳ ಸ್ವೆಟರಿನ ಅಂಚಿನಿಂದ ಹಳದಿ ಎಳೆ ಇನ್ನೂ ಕಡಿದಿಲ್ಲ. ಅದರ ಉಂಡೆ ನನ್ನ ಕೈಯಲ್ಲಿದೆ. ಅವಳು ನಡೆದಂತೆ ಎಳೆ ನೆಲದ ಮೇಲೆ ಉದ್ದವಾಗುತ್ತಿದೆ. ಹಿಡಿದರೆ ನಿಲ್ಲುತ್ತಾಳೆ, ತಿರುಗಿ ಏಕೆ ಎಂದು ಕೇಳುತ್ತಾಳೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದಾಳೆ. ನೀವೂ ನೋಡುತ್ತಿದ್ದೀರಿ.

ನಾನು ಹಿಡಿದಿಲ್ಲ. ಬಿಟ್ಟೂ ಇಲ್ಲ. ಉಂಡೆ ತಿರುಗುತ್ತಿದೆ