ಅಲುಗಾಡಬಾರದು

ಆ ಕಿರೀಟ ಹನ್ನೆರಡು ಪೌಂಡು ತೂಗುತ್ತಿತ್ತು. ತಂತಿಯ ಚೌಕಟ್ಟು, ಮೇಲೆ ಆಸ್ಟ್ರಿಚ್ ಗರಿ. ತಂತಿ ಹಣೆ ಕೊಯ್ಯುತ್ತದೆಂದು, ನಮಗೆ ಬಟ್ಟೆ ತೊಡಿಸುವ ಮುದುಕಿ ಟೆಸ್ಸಿ ಒಳಗಡೆ ಹಳೆಯ ಕಾಲುಚೀಲ ಇಟ್ಟು ಹೊಲಿದುಕೊಟ್ಟಿದ್ದಳು. ಮೈಮೇಲೆ ಇದ್ದದ್ದು ಸೊಳ್ಳೆಪರದೆಯಂಥ ಒಂದು ತುಂಡು. ಹೀಗೆ ನಾವು ಹದಿನಾರು ಹುಡುಗಿಯರು ಬ್ರಾಡ್‌ವೇಯ ಒಂದು ಥಿಯೇಟರಿನ ರಂಗದ ಮೆಟ್ಟಿಲುಗಳ ಮೇಲೆ ನಾಲ್ಕು ನಿಮಿಷ ಕಲ್ಲಾಗಿ ನಿಲ್ಲಬೇಕು. ರೆಪ್ಪೆ ಬಡಿಯಬಹುದು, ಅಷ್ಟೇ.

ಅಲುಗಾಡಿದರೆ ಜೈಲು. ತಮಾಷೆಗೆ ಹೇಳುತ್ತಿಲ್ಲ. ಅರೆಬತ್ತಲೆ ಹೆಂಗಸು ಸುಮ್ಮನೆ ನಿಂತರೆ ಪೊಲೀಸರ ಕಣ್ಣಿಗೆ ಅದು ಚಿತ್ರ. ಅವಳು ಕೈ ಎತ್ತಿದರೆ ಅಪರಾಧ. ಇದನ್ನು ಕಾಯಲೆಂದೇ ಒಬ್ಬ ಪೊಲೀಸಪ್ಪ ಹಿಂದಿನ ಸಾಲಿನಲ್ಲಿ ಪುಕ್ಕಟೆ ಕೂರುತ್ತಿದ್ದ. ನಮ್ಮನ್ನು ಹಾಗೆ ನಿಲ್ಲಿಸಿದ ಮಾಲೀಕ ಹ್ಯಾಸ್ಲಾಕನಿಗೆ ಮಾತ್ರ ಯಾವ ಕಾನೂನೂ ತಾಗುತ್ತಿರಲಿಲ್ಲ.

ನನಗೆ ಜೈಲಿಗಿಂತ ದೊಡ್ಡ ಭಯ ಬೇರೆ ಇತ್ತು. ಗಂಡ ಹಡಗುಕಟ್ಟೆಯಲ್ಲಿ ಸತ್ತ ಮೇಲೆ ಮಗಳು ರೋಶೀನಳನ್ನು ಸಿಸ್ಟರುಗಳ ಅನಾಥಾಲಯದಲ್ಲಿ ಬಿಟ್ಟಿದ್ದೆ. ಐದು ವರ್ಷದ ಕೂಸು. ಈಸ್ಟರ್ ಹಬ್ಬಕ್ಕೆ ವಾಪಸ್ ಕೊಡುತ್ತೇವೆ ಎಂದು ಹಿರಿಯ ಸಿಸ್ಟರ್ ಒಪ್ಪಿದ್ದರು.

"ಆದ್ರೆ ಡೀಲಿಯಾ, ಪೊಲೀಸ್ ಪುಸ್ತಕದಲ್ಲಿ ನಿನ್ನ ಹೆಸರು ಬಂತೋ, ಮಗೂನ ಮರ್ತುಬಿಡು," ಎಂದಿದ್ದರು.

ಈಸ್ಟರಿಗೆ ಇನ್ನೂ ಎರಡು ವಾರವಿದ್ದಾಗ ಹ್ಯಾಸ್ಲಾಕ್ ಹೊಸ ದೀಪ ತರಿಸಿದ. ಗರಿಗಳಿಗೆ ಬಂಗಾರದ ಅಂಚು ಕಾಣಬೇಕಂತೆ. ಅದನ್ನು ವಾಂಡಾಳ ತಲೆಯ ಹಿಂದೆ ಒಂದು ಗೇಣು ದೂರದಲ್ಲಿ ಇಡಿಸಿದ. ವಾಂಡಾ ಹತ್ತೊಂಬತ್ತರ ಪೋಲೆಂಡಿನ ಹುಡುಗಿ, ನನ್ನ ಪಕ್ಕದಲ್ಲೇ ನಿಲ್ಲುವವಳು. ಬಂಗಾರದ ಅಂಚು ಬಂತು, ಜೊತೆಗೆ ಸುಟ್ಟ ಕೂದಲಿನ ವಾಸನೆಯೂ ಬಂತು. ಟೆಸ್ಸಿ ದಿನಾ ಆಟ ಮುಗಿದ ಮೇಲೆ ಕರಕಲಾದ ಗರಿಯ ತುದಿಗಳನ್ನು ಕತ್ತರಿಸುತ್ತಿದ್ದಳು.

"ನಂಗೆ ಭಯ ಆಗ್ತಿದೆ ಕಣೇ," ಎಂದಳು ವಾಂಡಾ.

ಟೆಸ್ಸಿ ಗರಿ ಮೂಸಿದಳು. "ಅಯ್ಯೋ ದೇವ್ರೇ, ಇದೇನು ಕಿರೀಟವೋ ಒಲೆ ಸೌದೆಯೋ! ಹೋಗಿ ಹೇಳ್ರೇ ಆ ಪುಣ್ಯಾತ್ಮಂಗೆ."

ಹೋದೆವು. ಹ್ಯಾಸ್ಲಾಕ್ ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಸರ್, ಆ ದೀಪ ಸ್ವಲ್ಪ ಹಿಂದಕ್ಕೆ..." ಎಂದೆ ನಾನು.

"ಹಿಂದಕ್ಕೆ ಹೋದ್ರೆ ಬಂಗಾರ ಹೋಗುತ್ತೆ. ಹೆದ್ರಿಕೆ ಆದ್ರೆ ಮನೇಗ್ ಹೋಗಮ್ಮ. ಹಿಂದಿನ ಗಲ್ಲೀಲಿ ನಲವತ್ತು ಹುಡುಗೀರು ಕಾಯ್ತಾವ್ರೆ. ಬೆಂಕೀಲೇ ನಿಲ್ತೀವಿ ಅಂತಾರೆ."

ತನ್ನ ಮಾತಿಗೆ ತಾನೇ ನಕ್ಕ. ನಾವೂ ನಕ್ಕೆವು. ಹೊಟ್ಟೆಪಾಡು ಏನೇನೋ ಮಾಡಿಸುತ್ತದೆ.

ಶನಿವಾರ ಮಧ್ಯಾಹ್ನದ ಆಟ. ಪರದೆ ಎದ್ದಿತು. ಮೊದಲು ವಾಸನೆ ಬಂತು, ಆಮೇಲೆ ಚಿಟಪಟ ಸದ್ದು. ನನಗೆ ತಿರುಗಿ ನೋಡುವ ಹಾಗಿಲ್ಲ.

"ಡೀಲಿಯಾ," ವಾಂಡಾ ತುಟಿ ಅಲುಗಿಸದೆ ಪಿಸುಗುಟ್ಟಿದಳು. "ತಲೆ ಸುಡ್ತಿದೆ ಕಣೇ."

"ಕಿತ್ತು ಬಿಸಾಕೇ!"

"ಪೊಲೀಸು ನೋಡ್ತಿದಾನೆ."

ಬೆಳಕು ಹೆಚ್ಚಾಯಿತು. ಜನ ಚಪ್ಪಾಳೆ ತಟ್ಟಿದರು. ಬೆಂಕಿಯೂ ಆಟದ್ದೇ ಎಂದುಕೊಂಡರು ಮಹರಾಯರು! ಉಳಿದ ಹದಿನೈದು ಜನರಲ್ಲಿ ಒಬ್ಬಳೂ ಮಿಸುಕಲಿಲ್ಲ. ನಾನೂ ಮಿಸುಕಲಿಲ್ಲ. ಸುಳ್ಳು ಯಾಕೆ ಹೇಳಲಿ? ಕಣ್ಣ ಮುಂದೆ ರೋಶೀನ್ ನಿಂತಿದ್ದಳು. ಮೂರು ಉಸಿರು ಹಾಗೇ ನಿಂತೆ. ಆ ಮೂರು ಉಸಿರಿನ ಪಾಪ ಇವತ್ತಿಗೂ ನನ್ನ ಮೇಲಿದೆ.

ಆಮೇಲೆ ವಾಂಡಾ ಚೀರಿದಳು. ನಾನು ಜಿಗಿದೆ. ಅವಳ ಗದ್ದದ ಕೆಳಗೆ ಕಿರೀಟ ಕಟ್ಟಿದ್ದ ಗಂಟನ್ನು ಬರಿಗೈಯಲ್ಲಿ ಕಿತ್ತು, ಕಿರೀಟ ಒದ್ದು ಉರುಳಿಸಿದೆ. ಮೆಟ್ಟಿಲಿಗೆ ಹಾಸಿದ್ದ ಮಖಮಲ್ಲು ಎಳೆದು ಅವಳ ತಲೆಗೆ ಸುತ್ತಿದೆ. ಪರದೆ ಬೀಳುವಷ್ಟರಲ್ಲಿ ಅವಳ ಒಂದು ಕಿವಿ ಬೆಂದುಹೋಗಿತ್ತು. ಜೀವ ಮಾತ್ರ ಉಳಿದಿತ್ತು.

ಪೊಲೀಸಪ್ಪ ಓಡಿ ಬಂದ. "ನಿನ್ನ ಹೆಸರೇನಮ್ಮ?"

"ಮೊದ್ಲು ಡಾಕ್ಟರನ್ನ ಕರೀರಿ ಸ್ವಾಮಿ!"

"ಅದು ನನ್ ಕೆಲ್ಸ ಅಲ್ಲ. ಅಲುಗಾಡಿದ್ದು ನೀನೇ ತಾನೆ?"

ಸೋಮವಾರ ಕೋರ್ಟು. ಸುಟ್ಟ ಕೈಗೆ ಟೆಸ್ಸಿ ಬಟ್ಟೆ ಸುತ್ತಿದ್ದಳು. ಹ್ಯಾಸ್ಲಾಕ್ ಟೋಪಿ ತೆಗೆದು ನಿಂತು, "ನಮ್ಮದು ಮರ್ಯಾದಸ್ಥರ ಆಟ ಸ್ವಾಮಿ. ಈಕೆ ಅಲುಗಾಡಿ ಹೆಸರು ಕೆಡಿಸಿಬಿಟ್ಳು," ಎಂದ. ದೀಪದ ಮಾತನ್ನು ಯಾರೂ ಎತ್ತಲಿಲ್ಲ.

ಜಡ್ಜ್ ಸಾಹೇಬರು ಕೆಟ್ಟವರೇನೂ ಆಗಿರಲಿಲ್ಲ. "ಮೊದಲ ತಪ್ಪು. ಇನ್ನು ಮುಂದೆ ಅಲುಗಾಡಲ್ಲ ಅಂತ ಬರ್ದುಕೊಡಮ್ಮ, ಬಿಟ್ಬಿಡ್ತೀನಿ. ಪುಸ್ತಕದಲ್ಲೂ ಹೆಸರು ಹತ್ತಲ್ಲ," ಎಂದರು.

ಗುಮಾಸ್ತ ಪೆನ್ನು ಕೊಟ್ಟ. ಒಂದು ಗೆರೆ ಎಳೆದರೆ ಸಾಕು, ಈಸ್ಟರಿಗೆ ಮಗಳು ಮನೆಯಲ್ಲಿ. ಪೆನ್ನು ಹಿಡಿದೆ. ಹಿಡಿದವಳು ಕೇಳಿದೆ:

"ಆ ದೀಪ ತೆಗೆಸ್ತೀರಾ ಸ್ವಾಮಿ?"

"ಅದು ಈ ಕೇಸಲ್ಲಿಲ್ಲಮ್ಮ."

"ಹಂಗಾದ್ರೆ ಇವತ್ತು ವಾಂಡಾ ಜಾಗದಲ್ಲಿ ಯಾರು ನಿಲ್ತಾರೆ?"

ಹ್ಯಾಸ್ಲಾಕ್ ಗಡಿಯಾರ ನೋಡಿಕೊಂಡ. "ಹೊಸಬಳು ಬಂದಿದಾಳೆ."

"ಅವಳು ಹತ್ಕೊಂಡು ಉರಿದ್ರೂ ನಾನು ಕಲ್ಲಾಗಿ ನಿಲ್ಬೇಕಾ? ಆಗಲ್ಲ ಸ್ವಾಮಿ. ಅಲುಗಾಡ್ತೀನಿ."

ಪೆನ್ನು ಕೆಳಗಿಟ್ಟೆ. ಹಿಂದಿನ ಬೆಂಚಿನಲ್ಲಿ ಉಳಿದ ಹದಿನಾಲ್ಕು ಹುಡುಗಿಯರು ಕೂತಿದ್ದರು. ಒಬ್ಬಳು ಎದ್ದಳು.

"ಕೂತ್ಕೊಳಮ್ಮ! ಯಾರೂ ಅಲುಗಾಡ್ಬಾರ್ದು!" ಜವಾನ ಗದರಿದ.

ಇನ್ನೊಬ್ಬಳು ಎದ್ದಳು. ಆಮೇಲೆ ಬೆಂಚೇ ಖಾಲಿಯಾಯಿತು. ಎಲ್ಲರ ಮುಖವೂ ಭಯಕ್ಕೆ ಬಿಳುಚಿಕೊಂಡಿತ್ತು, ಆದರೂ ನಿಂತೇ ಇದ್ದರು.

ನನಗೆ ಮೂವತ್ತು ದಿನ ಬಿತ್ತು. ಈಸ್ಟರ್ ಹಬ್ಬ ಜೈಲಿನೊಳಗೇ ಕಳೆಯಿತು. ಮರುದಿನ ಟೆಸ್ಸಿ ನೋಡಲು ಬಂದಳು.

"ಇವತ್ತಿಗೂ ಯಾರೂ ಆ ಮೆಟ್ಟಿಲು ಹತ್ತಿಲ್ಲ ಕಣೇ. ಗಲ್ಲಿ ಹುಡುಗೀರೂ ಆಗಲ್ಲ ಅಂದ್ಬಿಟ್ರು. ಹ್ಯಾಸ್ಲಾಕ್ ಬಾಯ್ ಬಾಯ್ ಬಡ್ಕೋತಾವ್ನೆ." ಆಮೇಲೆ ಬರಿಗೈಯಲ್ಲೇ ಮೂಗೊರೆಸಿಕೊಂಡಳು. "ರೋಶೀನ್‌ನ ನೋಡ್ಕೊಂಡ್ ಬಂದೆ. ಬಟ್ಟೆ ಗಂಟು ಕಟ್ಕೊಂಡು ಬಾಗ್ಲಲ್ಲೇ ಕೂತಿತ್ತು. ಅಮ್ಮ ಏನು ತಪ್ಪು ಮಾಡಿದ್ಲು ಅಂತ ಕೇಳ್ತು. ಏನಂತ ಹೇಳ್ಲೇ?"

ಸರಳು ಹಿಡಿದುಕೊಂಡೆ. ಅಂಗೈಯ ಗಾಯ ಇನ್ನೂ ಮಾಗಿರಲಿಲ್ಲ.

"ಪಕ್ಕದವಳಿಗೆ ಬೆಂಕಿ ಹತ್ತಿತ್ತು, ನಿಮ್ಮಮ್ಮ ಅಲುಗಾಡಿದ್ಲು ಅಂತ ಹೇಳು," ಎಂದೆ.