ಉಗುಳಿದ ಬೀಜ

ನೈರೋಬಿಯ ಬ್ಯಾಂಕು ನಮ್ಮೂರಿಗೆ ಮರ ನೆಡಿಸಲು ಬಂದಾಗ ನಾನು ನಕ್ಕಿದ್ದೆ. ಕಾಡಿನ ಮಗ್ಗುಲಲ್ಲೇ ಹುಟ್ಟಿದವರಿಗೆ ಮರ ನೆಡುವುದನ್ನು ಕಲಿಸಲು ಬ್ಯಾಂಕು ಬೇಕೇ? ಆದರೆ ಅದರ ಅಧಿಕಾರಿ ಒಮೊಲ್ಲೊ ಒಳ್ಳೆಯ ಹುಡುಗ. ನಮ್ಮ ಹೆಂಗಸರ ಗುಂಪಿಗೆ ಸಸಿತೋಟ ಮಾಡಿಕೊಟ್ಟ, ನೀರಿನ ತೊಟ್ಟಿ ಕಟ್ಟಿಸಿದ. ಇದ್ದಿಲಿಗೆಂದು ಕಡಿದು ಕಡಿದು ನಮ್ಮ ಕಾಯಾ ಕಾಡಿನ ಅಂಚು ಬೋಳಾಗಿತ್ತು. ಅಲ್ಲಿ ಮತ್ತೆ ಮರ ಎಬ್ಬಿಸಬೇಕೆಂಬುದು ಅವನ ಹಟ. ನೀಲಗಿರಿ ಬೇಡವೇ ಬೇಡ, ಈ ಮಣ್ಣಿನದೇ ಬೀಜ ಬೇಕು ಎಂದ.

ಈ ಮಣ್ಣಿನ ಬೀಜವಿರುವುದು ಕಾಯಾದ ಒಳಗೆ. ಅದು ನಮ್ಮ ಹಿರಿಯರು ಮಲಗಿರುವ ಕಾಡು. ಚಪ್ಪಲಿ ಬಿಟ್ಟು ಹೋಗಬೇಕು, ಬರುವಾಗ ಒಣಕಡ್ಡಿಯನ್ನೂ ಹೊರಗೆ ತರಬಾರದು. ಕೋತಿಗಳು ಒಳಗೆ ಹಣ್ಣು ತಿಂದು, ಹೊರಗೆ ಬಂದು ಉಗುಳಿದ ಬೀಜವನ್ನಾದರೆ ಆಯ್ದುಕೊಳ್ಳಬಹುದು. ಆ ವರ್ಷ ಹಾಳು ಕೋತಿಗಳು ಹೆಚ್ಚೇನೂ ಉಗುಳಲಿಲ್ಲ, ಉಳಿದ ಹೆಂಗಸರಿಗೆ ಒಂದೊಂದು ಹಿಡಿ ಸಿಕ್ಕಿತು, ಅಷ್ಟೇ.

ನನ್ನ ಸೊಸೆ ನ್ಯೇವು ಮಾತ್ರ ಬುಟ್ಟಿ ತುಂಬ ಫೂಡು ಎಂಬ ಕಪ್ಪು ಕಾಡುಹಣ್ಣಿನ ಬೀಜ ತಂದಳು. ತುಟಿಯೆಲ್ಲ ಕಪ್ಪಾಗಿತ್ತು.

"ಎಲ್ಲಿ ಸಿಕ್ತೇ ಇಷ್ಟೊಂದು?"

"ಕೋತಿ ಕೊಡ್ತು ಅತ್ತೆ."

"ಯಾವ ಕೋತಿ?"

"ನಿಮ್ಮ ಮಗನ ಹೆಂಡ್ತಿ," ಎಂದು ಕಿಸಕ್ಕನೆ ನಕ್ಕಳು. "ಒಳಗೆ ಕೂತು ಬಾಯ್ತುಂಬ ತಿಂದೆ, ಹೊರಗೆ ಬಂದು ಉಗುಳ್ದೆ. ಕೈಲೇನೂ ತರ್ಲಿಲ್ಲ. ಕೋತಿಗೊಂದು ನ್ಯಾಯ, ನಂಗೊಂದು ನ್ಯಾಯಾನಾ?"

ಆ ತಿಂಗಳೇ ಅವಳಿಗೆ ಮುಟ್ಟು ನಿಂತಿತು. ಹಿಂದೆ ಎರಡು ಸಲ ಬಸುರು ಇಳಿದುಹೋಗಿತ್ತು. ಈ ಕೂಸೊಂದು ಉಳಿದರೆ ನನಗೆ ಇನ್ನೇನೂ ಬೇಡ ಎಂದುಕೊಂಡೆ. ಅವಳಿಗೆ ನೀರಿನ ಕೊಡ ಎತ್ತಲೂ ಬಿಡಲಿಲ್ಲ. ಅವಳ ಸಸಿಗಳಿಗೂ ನಾನೇ ನೀರುಣಿಸಿದೆ.

ಅವಳ ಹೊಟ್ಟೆ ಚೆನ್ನಾಗಿ ಮುಂದೆ ಬಂದ ಮೇಲೆ ಅದು ಶುರುವಾಯಿತು. ನಡು ಮಧ್ಯಾಹ್ನ, ನೆರಳು ಕಾಲ ಕೆಳಗೇ ಅಡಗುವ ಹೊತ್ತು. ಸಸಿತೋಟಕ್ಕೆ ಹೋದರೆ ನ್ಯೇವು ಸಸಿ ಬೆಳೆಸಿದ್ದ ಒಂದು ಸಾಲಿನ ಚೀಲಗಳೆಲ್ಲ ಖಾಲಿ. ಮೇಕೆ ಮೇಯ್ದ ಗುರುತಿಲ್ಲ, ಹೆಜ್ಜೆಯಿಲ್ಲ. ಮರುದಿನ ಅದೇ ಹೊತ್ತಿಗೆ ಪಕ್ಕದ ಸಾಲೂ ಹೋಯಿತು. ಬೇರೆ ಹೆಂಗಸರ ಒಂದೇ ಒಂದು ಸಸಿಯೂ ಅಲುಗಿರಲಿಲ್ಲ.

ಕಾಯಾದ ಹಿರಿಯ ಮ್ವಾರೊ ನನ್ನನ್ನು ಒಳಗೆ ಕರೆದೊಯ್ದ. ಸತ್ತವರ ಹೆಸರಲ್ಲಿ ಕೆತ್ತಿ ನಿಲ್ಲಿಸಿದ ಮರದ ಕಂಬಗಳ ನಡುವೆ, ಫೂಡು ಮರದ ಬುಡದಲ್ಲಿ, ನಮ್ಮ ಸಸಿಗಳು ಸಾಲಾಗಿ ನಿಂತಿದ್ದವು. ಬುಡದಲ್ಲಿ ನಾನೇ ಹಾಕಿದ ಗೊಬ್ಬರದ ಮಣ್ಣು ಇನ್ನೂ ಅಂಟಿಕೊಂಡಿತ್ತು.

"ಯಾರಜ್ಜಾ ತಂದು ನೆಟ್ಟಿದ್ದು?"

"ಯಾರೂ ನೆಟ್ಟಿಲ್ಲ ದಾಮಾ. ಅವು ಮನೆಗೆ ಬಂದ್ವು." ಆಮೇಲೆ ಕೇಳಿದ: "ಆ ಹುಡುಗಿ ಇಲ್ಲಿಂದ ಇನ್ನೇನು ಹೊತ್ಕೊಂಡು ಹೋಗಿದ್ದಾಳೆ?"

ಅವಳು ಹಣ್ಣು ತಿಂದ ತಿಂಗಳೇ ಮುಟ್ಟು ನಿಂತದ್ದು ನೆನಪಾಯಿತು. ಮನೆಯತ್ತ ಓಡಿದೆ. ಮನೆಯವರೆಗೆ ಹೋಗಬೇಕಾಗಲೇ ಇಲ್ಲ. ಕಾಯಾದ ಅಂಚಿನಲ್ಲಿ ಅವಳ ಚಪ್ಪಲಿಗಳಿದ್ದವು. ನ್ಯೇವು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ಮೊದಲ ಮರಗಳನ್ನು ದಾಟಿ ಒಳಗೆ ನಡೆದು ಬರುತ್ತಿದ್ದಳು. ತೋಳು ಹಿಡಿದು ನಿಲ್ಲಿಸಿದೆ. ಅಂಥ ಬಿಸಿಲಲ್ಲೂ ಅದು ಗಡಿಗೆಯ ನೀರಿನಂತೆ ತಣ್ಣಗಿತ್ತು.

"ಬಿಡಿ ಅತ್ತೆ. ಮಗು ಹೋಗ್ಬೇಕಂತೆ. ಈ ಕಡೆ ತಿರುಗಿದ್ರೆ ಮಾತ್ರ ಸುಮ್ನಾಗುತ್ತೆ."

ಹೊಟ್ಟೆಯ ಮೇಲೆ ಕೈಯಿಟ್ಟೆ. ಊರಿನ ಕಡೆ ತಿರುಗಿಸಿದರೆ ಕೂಸು ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿತ್ತು. ಕಾಡಿನ ಕಡೆ ತಿರುಗಿಸಿದೊಡನೆ ಯಾರದೋ ಮಾತು ಕೇಳುವಂತೆ ಸ್ತಬ್ಧವಾಗುತ್ತಿತ್ತು.

ಹಿಂದೆಯೇ ಬಂದ ಮ್ವಾರೊನನ್ನು ಕೇಳಿದೆ: "ಏನ್ ಕೊಟ್ರೆ ಹಿರಿಯರು ಕೂಸನ್ನ ಬಿಡ್ತಾರೆ ಅಜ್ಜಾ?"

"ಕೋಳಿ ಗೀಳಿ ಆಗಲ್ಲ. ಒಳಗಿನ ಜೀವ ಹೊರಗೆ ಹೋಗಿದೆ. ಹೊರಗಿನ ಜೀವ ಒಂದು ಒಳಗೆ ಬರ್ಬೇಕು. ಬಂದೋರು ತಿರುಗಿ ಹೋಗೋ ಹಾಗಿಲ್ಲ."

"ಅಷ್ಟೇ ತಾನೇ? ಮೊದ್ಲೇ ಹೇಳೋಕೆ ನಿಂಗೇನಾಗಿತ್ತು?" ಎಂದು ರೇಗಿದೆ. ಭಯವಾದಾಗ ನನಗೆ ಬರುವುದು ಸಿಟ್ಟೇ. ನ್ಯೇವುವನ್ನು ಹೊರಗೆ ದೂಡಿ, "ನಾನಿಲ್ಲೇ ಇರ್ತೀನಿ, ಕೂಸನ್ನ ಬಿಡಿ," ಎಂದು ಕಂಬಗಳಿಗೆ ಕೇಳುವಂತೆ ಕೂಗಿ ನೆಲದ ಮೇಲೆ ಕೂತುಬಿಟ್ಟೆ. ಹೊರಗೆ ನ್ಯೇವು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವಳ ಹೊಟ್ಟೆಯ ಒದ್ದಾಟ ನಿಂತಿತ್ತು.

ಈಗ ಕಾಯಾದ ಒಳಅಂಚಿನಲ್ಲಿ ನನ್ನ ಗುಡಿಸಲು. ಒಮೊಲ್ಲೊ ಬ್ಯಾಂಕಿಗೆ ಹೇಳಿ ನನಗೆ ಕಾವಲುಗಾರ್ತಿಯ ಕೆಲಸ ಕೊಡಿಸಿದ್ದಾನೆ. ಒಂದು ಹೊತ್ತೂ ಕಾಡು ಬಿಟ್ಟು ಕದಲದ ಹೆಂಗಸು ಎಂದು ನೈರೋಬಿಯಲ್ಲಿ ನನ್ನ ಹೊಗಳಿಕೆಯಂತೆ. ಸನ್ಮಾನಕ್ಕೂ ಕರೆದರು.

"ಬನ್ನಿ ಅಮ್ಮ, ಕಾರೇ ಕಳಿಸ್ತೀನಿ."

"ನನ್ನ ಕೋಳಿ ಯಾರಪ್ಪ ನೋಡ್ಕೋತಾರೆ? ನಿಮ್ಮ ಮ್ಯಾನೇಜರಾ?"

ಒಮೊಲ್ಲೊ ನಕ್ಕು ಹೋದ. ಒಮ್ಮೆ ಮಾತ್ರ ಒಂದು ಕಾಲು ಹೊರಗಿಟ್ಟು ನೋಡಿದ್ದೆ. ಹಿಮ್ಮಡಿ ನೆಲಕ್ಕೆ ತಾಗುವ ಮೊದಲೇ ಊರಿನಿಂದ ಕೂಸಿನ ಚೀತ್ಕಾರ ಕೇಳಿಸಿತು. ಕಾಲು ಎಳೆದುಕೊಂಡೆ. ಅಂಚಿನಲ್ಲಿ ಬೇರೆ ಹೆಂಗಸರು ನೆಟ್ಟ ಮರಗಳು ಸೊಂಪಾಗಿ ಬೆಳೆಯುತ್ತಿವೆ. ಮಧ್ಯಾಹ್ನಗಳಲ್ಲಿ ನನ್ನ ಪಕ್ಕ ಯಾರೋ ಬಂದು ಕೂರುತ್ತಾರೆ. ನಾನು ಸರಿದು ಜಾಗ ಕೊಡುತ್ತೇನೆ.

ನ್ಯೇವು ದಿನವೂ ಬೇಯಿಸಿದ ಮರಗೆಣಸು ತಂದು ಗಡಿಯಾಚೆಯಿಂದ ನೀಡುತ್ತಾಳೆ. ಮೊಮ್ಮಗ ಚೆಂಗೊ ಈಗ ನಡೆಯುತ್ತಾನೆ. ಮೊನ್ನೆ ಅವಳ ಕೈ ಬಿಡಿಸಿಕೊಂಡು, "ಅಜ್ಜೀ, ಅಜ್ಜೀ," ಎಂದು ನಗುತ್ತ, ಎರಡೂ ಕೈ ಚಾಚಿ ನನ್ನತ್ತ ಓಡಿಬಂದ. ನನ್ನ ಹಿಂದೆ ಎಲೆಗಳ ಸದ್ದು ನಿಂತಿತು. ಪಕ್ಕದಲ್ಲಿ ಕೂತಿದ್ದವರು ಎದ್ದು ನಿಂತದ್ದು ಗೊತ್ತಾಯಿತು.

ಇಲ್ಲಿನ ಕಲ್ಲು, ಹೆಂಟೆ ಎಸೆಯುವಂತಿಲ್ಲ, ಅವು ಹೊರಗೆ ಹೋಗಬಾರದು. ಕೈಯಲ್ಲಿದ್ದ ಗೆಣಸಿನ ತುಂಡನ್ನೇ ಬೀಸಿ ಅವನ ಮುಖಕ್ಕೆ ಹೊಡೆದೆ. "ತೊಲಗೋ! ಬರಬೇಡ ಇಲ್ಲಿ!" ಎಂದು ಕಿರುಚಿದೆ. ಅವನ ತುಟಿ ನಡುಗಿತು. ಚೀರಿಕೊಂಡು ತಾಯಿಯ ಬಳಿ ಓಡಿದ.

ಈಗ ನನ್ನನ್ನು ಕಂಡರೆ ಅವಳ ಬಟ್ಟೆಯಲ್ಲಿ ಮುಖ ಹುದುಗಿಸಿಕೊಳ್ಳುತ್ತಾನೆ. "ಅಜ್ಜಿ ಕಣೋ," ಎಂದು ನ್ಯೇವು ರಮಿಸುತ್ತಾಳೆ.

"ಸುಮ್ನಿರೇ, ಹೆದರ್ಲಿ ಬಿಡು," ಎನ್ನುತ್ತೇನೆ. ಅವಳು ತರುವ ಗೆಣಸಿನಲ್ಲಿ ದಿನವೂ ಒಂದು ತುಂಡನ್ನು ತಿನ್ನದೆ, ಅವನು ಮತ್ತೆ ಓಡಿಬಂದರೆ ಬೇಕೆಂದು, ಕೈಗೆಟುಕುವಂತೆ ಇಟ್ಟುಕೊಳ್ಳುತ್ತೇನೆ. ಚೆನ್ನಾಗಿ ಬೆಂದ, ಮೆತ್ತಗಿನ ತುಂಡನ್ನೇ ಆರಿಸಿ.